ಎರಡನೇ ಆಯ್ಕೆ ಬರೆಯಲು ನಮಗೂ ಜಾಗ ಕೊಡಿ



ಚುನಾವಣೆ ಬಂತೆಂದರೆ ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಒಂದು ಮಾತು ಕೇಳಿಬರುತ್ತದೆ. “ಅವ ಒಳ್ಳೆಯವ ಖರೇ, ಆದ್ರ ಗೆಲ್ಲಂಗಿಲ್ಲ. ಅವನಿಗಿ ಹಾಕಿದ್ರ ವೋಟ್ ವೇಸ್ಟ್ ಆಗ್ತದ.” ಮನೆಯ ಹಿರಿಯರೂ ಹೀಗೇ ಹೇಳುತ್ತಾರೆ, ಪಕ್ಷದವರೂ ಹೀಗೇ ಹೇಳುತ್ತಾರೆ. ಬೇಸರದ ಸಂಗತಿ ಎಂದರೆ ಅವರ ಮಾತು ಸುಳ್ಳಲ್ಲ. ಯಾರಿಗೆ ಎಲ್ಲರಿಗಿಂತ ಒಂದು ಮತ ಹೆಚ್ಚೋ ಅವರೇ ಗೆದ್ದರು ಎಂಬ ಪದ್ಧತಿ ಇರುವವರೆಗೂ ಮನಸ್ಸಿಗೆ ಒಪ್ಪಿದವರಿಗೆ ಮತ ಹಾಕಲು ನಾವು ಹೆದರುತ್ತಲೇ ಇರಬೇಕು. ಈ ಪದ್ಧತಿ ಬದಲಾಗಬೇಕು.

2019ರ ಲೋಕಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. ಜಹೀರಾಬಾದ್ ಕ್ಷೇತ್ರದಲ್ಲಿ ಟಿಆರ್‌ಎಸ್‌ನ ಬಿ.ಬಿ. ಪಾಟೀಲರಿಗೆ 4,34,244 ಮತ, ಕಾಂಗ್ರೆಸ್‌ನ ಮದನ್ ಮೋಹನ್ ರಾವ್ ಅವರಿಗೆ 4,28,015. ಅಂತರ ಬರೀ 6,229. ಮೂರನೇ ಸ್ಥಾನದ ಬಿಜೆಪಿಗೆ ಬಿದ್ದದ್ದು 1 ಲಕ್ಷ 38 ಸಾವಿರಕ್ಕೂ ಹೆಚ್ಚು. ಉಳಿದ ಇಬ್ಬರಲ್ಲಿ ನಿಮಗೆ ಯಾರು ವಾಸಿ ಎಂದು ಇಷ್ಟು ಜನರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಪಾಟೀಲರೇ ಇನ್ನೂ ದೊಡ್ಡ ಅಂತರದಿಂದ ಗೆದ್ದಿರಬಹುದಿತ್ತು, ಅದು ಬೇರೆ ಮಾತು. ಕೇಳಬೇಕಿತ್ತು ಎಂಬುದಷ್ಟೇ ನನ್ನ ವಾದ.

ಇದೇ ಲೋಕಸಭಾ ಕ್ಷೇತ್ರದೊಳಗಿನ ಕಾಮಾರೆಡ್ಡಿಯಲ್ಲಿ 2023ರಲ್ಲಿ ಏನಾಯಿತು? ಅಂದಿನ ಮುಖ್ಯಮಂತ್ರಿ ಕೆಸಿಆರ್ ಸೋತರು, ಮುಂದೆ ಮುಖ್ಯಮಂತ್ರಿಯಾದ ರೇವಂತ್ ರೆಡ್ಡಿಯವರೂ ಸೋತರು. ಬಿಜೆಪಿಯ ವೆಂಕಟರಮಣ ರೆಡ್ಡಿ 66,652 ಮತ ಪಡೆದು ಗೆದ್ದರು. ಘಟಾನುಘಟಿಗಳನ್ನು ಸೋಲಿಸಿದ ಸ್ಥಳೀಯ ಎಂದು ಜನ ಚಪ್ಪಾಳೆ ತಟ್ಟಿದರು (ನನಗೂ ಖುಷಿಯಾಗಿತ್ತು). ಆದರೆ ಸೋತ ಆ ಇಬ್ಬರ ಮತ ಕೂಡಿಸಿದರೆ 1,14,827 ಆಗುತ್ತದೆ.

ನಮಗೆ ಇದರಿಂದ ಏನಾಗಬೇಕು ಎನ್ನುತ್ತೀರಾ? ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಮತ್ತು ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರು 1956ರಲ್ಲಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿ ಕನ್ನಡದವರು ಅಲ್ಪಸಂಖ್ಯಾತರು. ಕನ್ನಡದ ಕ್ರೈಸ್ತರಂತೂ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು. ಮೂರು ಪಾಲಿನಲ್ಲಿ ಒಂದು ಪಾಲು ಸಿಕ್ಕರೆ ಗೆಲ್ಲಬಹುದಾದ ಕಡೆ ಅಭ್ಯರ್ಥಿ ತನ್ನವರನ್ನು ಗಟ್ಟಿ ಹಿಡಿದರೆ ಸಾಕು, ಮಿಕ್ಕವರು ಒಡೆದಷ್ಟೂ ಅವನಿಗೆ ಲಾಭ. ಕನ್ನಡ ಶಾಲೆಗೆ ಮಾಸ್ತರರು ಬೇಕು, ಸಮಾಧಿಗೆ ಜಾಗ ಬೇಕು ಎಂದು ನಾವು ಹೋದರೆ “ಇವರು ನಮ್ಮವರಲ್ಲ” ಎಂದು ಸುಮ್ಮನಾದರೂ ಅವನಿಗೆ ನಷ್ಟವಿಲ್ಲ. ಅದೇ ಮತದಾರ 1, 2, 3 ಎಂದು ಬರೆಯುವಂತಿದ್ದರೆ, “ಮೊದಲನೆಯದು ನಿಮ್ಮವರಿಗೇ ಕೊಡಿ, ಎರಡನೆಯದಾದರೂ ನನಗೆ ಕೊಡಿ” ಎಂದು ಅವನೇ ನಮ್ಮ ಬಾಗಿಲಿಗೆ ಬರಬೇಕಾಗುತ್ತದೆ.

ಪ್ರೇಷಿತರ ಕಾರ್ಯಕಲಾಪಗಳು 6ನೇ ಅಧ್ಯಾಯ ತೆರೆದು ನೋಡಿ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದಾಗ, ಸಭೆ ಏಳು ಜನರನ್ನು ಆರಿಸಿತು. ಆ ಏಳೂ ಗ್ರೀಕ್ ಹೆಸರುಗಳು. ಭಾಷೆ ಬೇರೆಯಾದವರ ಗೊಣಗಾಟಕ್ಕೆ ಆದಿಸಭೆ ಕೊಟ್ಟ ಉತ್ತರ ಅದು. ಇನ್ನು ಪೋಪ್ ಆಯ್ಕೆ: ಮೇ 2025ರಲ್ಲಿ 133 ಕಾರ್ಡಿನಲರು ಸೇರಿದ್ದಾಗ ಮೂರನೇ ಎರಡರಷ್ಟು, ಅಂದರೆ 89 ಮತ ಸಿಗುವವರೆಗೆ ಯಾರೂ ಗೆದ್ದಂತಲ್ಲ.

1, 2, 3 ಬರೆಯುವುದು ನಮ್ಮೂರಿಗೆ ಹೊಸದೇನೂ ಅಲ್ಲ. ಪದವಿ ಓದಿದ ಅಣ್ಣ ಅಕ್ಕಂದಿರು ವಿಧಾನ ಪರಿಷತ್ತಿಗೆ ಹೀಗೇ ಮತ ಹಾಕುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕಡಿಮೆ ಮತ ಬಂದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರದಲ್ಲಿ ಮುಂದಿನ ಸಂಖ್ಯೆ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಫೆಬ್ರವರಿ 2025ರಲ್ಲಿ ಮತದಾನ ನಡೆದ ಮೇದಕ್-ನಿಜಾಮಾಬಾದ್-ಆದಿಲಾಬಾದ್-ಕರೀಂನಗರ ಪದವೀಧರ ಕ್ಷೇತ್ರದಲ್ಲಿ ಬಿಜೆಪಿಯ ಅಂಜಿ ರೆಡ್ಡಿ ಗೆದ್ದದ್ದು ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆಯೇ. ತಾಂಡೂರಿನವರಿಗೆ 2021 ನೆನಪಿರಬೇಕು. ಮಹಬೂಬ್‌ನಗರ-ರಂಗಾರೆಡ್ಡಿ-ಹೈದರಾಬಾದ್ ಕ್ಷೇತ್ರದಲ್ಲಿ 93 ಅಭ್ಯರ್ಥಿಗಳು, ಚಾಪೆಯಂಥ ಮತಪತ್ರ, ದಿನಗಟ್ಟಲೆ ಎಣಿಕೆ, ಕೊನೆಗೆ ಪಿ.ವಿ. ನರಸಿಂಹರಾಯರ ಮಗಳು ವಾಣಿದೇವಿ ಗೆದ್ದರು. ರಾಷ್ಟ್ರಪತಿ ಚುನಾವಣೆಯೂ ಹೀಗೆಯೇ. 1969ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ ನೀಲಂ ಸಂಜೀವ ರೆಡ್ಡಿಯವರನ್ನು ವಿ.ವಿ. ಗಿರಿ ಸೋಲಿಸಿದ್ದು ಎರಡನೇ ಪ್ರಾಶಸ್ತ್ಯದ ಮತ ಸೇರಿದ ಮೇಲೆ. ಡಿಗ್ರಿ ಇದ್ದವರಿಗೆ, ಶಾಸಕರಿಗೆ, ಸಂಸದರಿಗೆ ಎರಡನೇ ಆಯ್ಕೆ ಉಂಟು. ಹೊಲದಲ್ಲಿ ಶುಂಠಿ ಕೀಳುವ ಅವ್ವನಿಗೆ ಇಲ್ಲ! ಇದು ಯಾವ ನ್ಯಾಯ?

“ಓದು ಬಾರದವರು ಅಂಕಿ ಹೇಗೆ ಬರೆಯುತ್ತಾರೆ?” ಎಂಬ ಆಕ್ಷೇಪ ಹಗುರವಾದುದಲ್ಲ. 2025ರ ಆ ಚುನಾವಣೆಯಲ್ಲಿ ಪದವೀಧರರದ್ದೇ 28 ಸಾವಿರಕ್ಕೂ ಹೆಚ್ಚು ಮತ ಅಸಿಂಧುವಾದವು. ಎಷ್ಟೋ ಜನ ಮುಂದಿನ ಸಂಖ್ಯೆ ಬರೆಯದ ಕಾರಣ ಗೆದ್ದವರೂ ಕೋಟಾ ಮುಟ್ಟಲಿಲ್ಲ. ಆದರೆ ಅಂತರದ ಲೆಕ್ಕ, ಬಡ್ಡಿಯ ಲೆಕ್ಕ, ಮಾರ್ಕೆಟಿನ ದರ ಬಾಯಲ್ಲೇ ಹೇಳುವ ನಮ್ಮ ಜನರಿಗೆ ಒಂದು, ಎರಡು ಬರುವುದಿಲ್ಲವೇ? ಯಂತ್ರದಲ್ಲಿ ಚಿಹ್ನೆಯ ಗುಂಡಿಯನ್ನು ಮೊದಲು ಒಂದು, ಆಮೇಲೆ ಇನ್ನೊಂದು ಒತ್ತುವಂತೆ ಮಾಡಿದರೆ ಪೆನ್ನೇ ಬೇಡ. ಆಸ್ಟ್ರೇಲಿಯಾ 1918ರಲ್ಲೇ ಇದನ್ನು ಕಾನೂನು ಮಾಡಿತು.

ಪಕ್ಷಕ್ಕೆ ಬಿದ್ದ ಮತದಷ್ಟೇ ಸೀಟು ಕೊಡುವ ಪದ್ಧತಿ ಇನ್ನೂ ಒಳ್ಳೆಯದೆಂದು ಕೆಲವರ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಪಟ್ಟಿ ಬರೆಯುವವರು ಹೈದರಾಬಾದಿನಲ್ಲಿ ಕೂತಿರುತ್ತಾರೆ, ನಾರಾಯಣಖೇಡದ ಹೆಸರು ಅದರಲ್ಲಿ ಎಷ್ಟನೆಯದಾಗಿ ಬಂದೀತು? ನಮ್ಮ ಕ್ಷೇತ್ರ, ನಮ್ಮ ಪ್ರತಿನಿಧಿ ಹಾಗೇ ಇರಲಿ, ಎಣಿಸುವ ರೀತಿ ಬದಲಾಗಲಿ. ಸಂವಿಧಾನದ 81ನೇ ವಿಧಿ ಲೋಕಸಭೆಗೆ ನೇರ ಚುನಾವಣೆ ಎನ್ನುತ್ತದೆ, ಮತವನ್ನು ಹೀಗೇ ಎಣಿಸಬೇಕು ಎನ್ನುವುದಿಲ್ಲ. ಕಾಯ್ದೆ ತಿದ್ದುವುದು ಸಂಸತ್ತಿನ ಕೈಯಲ್ಲಿದೆ.

ಅಲ್ಲಿಯವರೆಗೆ ಕಾಯುವುದೂ ಬೇಡ. ನಮ್ಮ ಧರ್ಮಕೇಂದ್ರದ ಯುವ ಸಮಿತಿಯ ಅಧ್ಯಕ್ಷರನ್ನು ಈ ಸಲ ಕೈ ಎತ್ತಿಸಿ ಆರಿಸುವ ಬದಲು 1, 2, 3 ಬರೆಸಿ ಆರಿಸೋಣ. ಎಣಿಕೆಗೆ ಪರಿಷತ್ತಿಗೆ ಮತ ಹಾಕಿ ಗೊತ್ತಿರುವ ಇಬ್ಬರು ಅಕ್ಕಂದಿರನ್ನು ಕೂರಿಸೋಣ, ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಮುಂದಿನ ಚುನಾವಣೆಗೆ ಯಾವ ಪಕ್ಷದವರೇ ಚರ್ಚ್ ಗೇಟಿನ ಹತ್ತಿರ ಕೈ ಮುಗಿದು ನಿಂತರೂ, ಎರಡನೇ ಆಯ್ಕೆಯ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.