ಕ್ಯಾಮೆರಾಕ್ಕಿಂತ ಮೊದಲು ಕಣ್ಣು

ಐದು ನಿಮಿಷದ ಕಿರುಚಿತ್ರ ಮಾಡಿ ತನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ಈಗ ಅಪರೂಪವಲ್ಲ. ಮೊಬೈಲ್ ಕೈಯಲ್ಲೇ ಇರುವುದರಿಂದ ಖರ್ಚಿನ ಚಿಂತೆಯಿಲ್ಲ. ಆದರೂ ಪಾಲಕರಿಗೆ ಅಳುಕು: ಓದುವ ಹೊತ್ತಿನಲ್ಲಿ ಇದೆಂಥ ಆಟ?

ಚಿತ್ರ ಎಂದೊಡನೆ ಶಿರಸಿಯ ಮಕ್ಕಳ ಮನಸ್ಸು ಶಾಲ್ಮಲೆಯ ಸಹಸ್ರಲಿಂಗಕ್ಕೆ, ಸಿದ್ದಾಪುರದವರದು ಉಂಚಳ್ಳಿಗೆ, ಯಲ್ಲಾಪುರದವರದು ಮಾಗೋಡಿಗೆ ಓಡುವುದು ಸಹಜ. ತಪ್ಪೇನಿಲ್ಲ. ಆದರೆ ಮಾಗೋಡಿನಲ್ಲಿ ಬೇಡ್ತಿ ಧುಮುಕುವುದನ್ನು ಯಾರು ತೆಗೆದರೂ ಚೆಂದವೇ. ಆ ಚೆಂದದಲ್ಲಿ ತೆಗೆದವರ ಪಾಲು ಕಡಿಮೆ.

ಅದರ ಬದಲು ವಿದ್ಯಾರ್ಥಿನಿಯೊಬ್ಬಳು ಮನೆಯಂಗಳದ ಅಡಿಕೆ ಸುಲಿತವನ್ನೇ ಆರಿಸಿಕೊಂಡಳೆನ್ನಿ. ಎರಡು ಗಂಟೆ ಚಿತ್ರೀಕರಿಸಿ ಸಂಜೆ ನೋಡಿದರೆ ಮೆಟ್ಟುಗತ್ತಿಯಿದೆ, ಅಡಿಕೆಯ ರಾಶಿಯಿದೆ, ಸರಸರನೆ ಆಡುವ ಕೈಗಳಿವೆ. ಸುಲಿಯುವ ಹೆಂಗಸರ ಮುಖವೇ ಇಲ್ಲ! ಅವರು ಎಷ್ಟು ಹೊತ್ತಿಗೆ ಎದ್ದು ಬಂದರು, ಕೂಲಿ ದಿನಕ್ಕೋ ಅಳತೆಗೋ ಎಂಬುದು ಆ ಮನೆಯಲ್ಲೇ ಬೆಳೆದವಳಿಗೆ ಗೊತ್ತಿಲ್ಲ. ಮರುದಿನ ಅವಳು, "ಅಕ್ಕಾ, ನಿಮ್ಮ ಚಿತ್ರ ತೆಗೆಯಲಾ?" ಎಂದು ಕೇಳಬೇಕಾಗುತ್ತದೆ. ಬೇಡವೆಂದವರನ್ನು ಬಿಡಬೇಕಾಗುತ್ತದೆ. ದಿನವೂ ಕಂಡದ್ದನ್ನು ನೋಡಿರಲಿಲ್ಲ ಎಂಬುದು ಈ ಅಭ್ಯಾಸದ ಮೊದಲ ಪಾಠ.

ಎರಡನೆಯದು ಬಿಡುವ ಪಾಠ. ಫಿಲ್ಮಿನ ಕಾಲದಲ್ಲಿ 16 ಮಿ.ಮೀ.ನ 400 ಅಡಿಯ ಸುರುಳಿ ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಗುಂಡಿ ಒತ್ತುವ ಮೊದಲೇ ಯೋಚಿಸಬೇಕಿತ್ತು. ಮೊಬೈಲಿಗೆ ಆ ಕಟ್ಟಿಲ್ಲ. ಯೋಚನೆ ಸಂಕಲನದ ವೇಳೆಗೆ ಉಳಿಯುತ್ತದೆ. ಎರಡು ಗಂಟೆಯನ್ನು ಐದು ನಿಮಿಷಕ್ಕೆ ಇಳಿಸುವುದೆಂದರೆ 24 ಪಾಲಿನಲ್ಲಿ 23 ಪಾಲು ಬಿಡುವುದು. ಸುಲಿಯುವ ಕೈಗಳ ಬೆನ್ನಿಗೇ ಯಜಮಾನರು ಕವಳ ಹಾಕುವುದನ್ನು ಜೋಡಿಸಿದರೆ ಒಂದು ಅರ್ಥ ಬರುತ್ತದೆ. ಅವರು ಬೆಳಗಿನಿಂದ ಅಡಿಕೆ ಬೇಯಿಸುವ ಒಲೆಯ ಮುಂದೆ ಬೆವರಿದ್ದನ್ನು ಕತ್ತರಿಸಿದ್ದರೆ ಆ ಅರ್ಥ ಅನ್ಯಾಯದ್ದು. ಕಂಡದ್ದೆಲ್ಲ ನಿಜವಲ್ಲ, ಯಾರೋ ಜೋಡಿಸಿದ್ದು ಎಂಬ ಎಚ್ಚರ ಹೀಗೆ ಹುಟ್ಟುತ್ತದೆ. ದಿನಕ್ಕೆ ಹತ್ತಾರು ವಿಡಿಯೋ ನೋಡುವ ಮಕ್ಕಳಿಗೆ ಇದಕ್ಕಿಂತ ಬೇಕಾದ ವಿದ್ಯೆ ಯಾವುದು?

ಈ ಸೀಮೆಗೆ ಸಿನಿಮಾ ಪಾಠ ಹೊಸತೇನಲ್ಲ. ಸಿದ್ದಾಪುರದ ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ, 1949ರಲ್ಲಿ ಹುಟ್ಟಿದ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿತು. ಜಗತ್ತಿನ ಒಳ್ಳೆಯ ಚಿತ್ರಗಳನ್ನು ಹಳ್ಳಿಯವರು ನೋಡಬಲ್ಲರು, ಅವುಗಳ ಬಗ್ಗೆ ಮಾತಾಡಬಲ್ಲರು ಎಂದು ಕೆ.ವಿ. ಸುಬ್ಬಣ್ಣ ನಂಬಿದ್ದರು. ತೀರ್ಥಹಳ್ಳಿ ತಾಲೂಕಿನ ಗಿರೀಶ ಕಾಸರವಳ್ಳಿ ಬಿ.ಫಾರ್ಮ ಓದಿದವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಮಾಡಿದ ಕಿರುಚಿತ್ರ 'ಅವಶೇಷ್'. ಅನಂತರ 1977ರಲ್ಲಿ ಬಂದ 'ಘಟಶ್ರಾದ್ಧ' ಸ್ವರ್ಣಕಮಲ ಪಡೆಯಿತು. ಅದರ ಕಥೆ ನಡೆಯುವುದು ದೂರದ ನಗರದಲ್ಲಲ್ಲ, ಮಲೆನಾಡಿನ ಅಗ್ರಹಾರದಲ್ಲಿ.

ಕಿರುಚಿತ್ರ ಮಾಡಿದ ಮಕ್ಕಳೆಲ್ಲ ನಿರ್ದೇಶಕರಾಗುವುದಿಲ್ಲ, ಆಗಬೇಕಿಲ್ಲ. ಚಿತ್ರ ಅಲುಗಾಡಬಹುದು, ಗಾಳಿಯ ಸದ್ದಿನಲ್ಲಿ ಮಾತು ಮುಳುಗಬಹುದು. ಪಾಲಕರು ಅಂಕವೆಷ್ಟು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಲಿ: ಮೊದಲು ಕಾಣದ್ದು ಏನು ಕಂಡಿತು? ಏನನ್ನು ಬಿಟ್ಟೆ, ಏಕೆ? ವಿದ್ಯಾರ್ಥಿಗಳು ತಮ್ಮ ಚಿತ್ರವನ್ನು ಗುರುಗಳಿಗೆ ಒಪ್ಪಿಸುವ ಮುಂಚೆ, ಅದರಲ್ಲಿ ಇರುವವರಿಗೇ ಒಮ್ಮೆ ತೋರಿಸಲಿ. ಅವರು ತಲೆಯಾಡಿಸಿದರೆ ಅರ್ಧ ಪರೀಕ್ಷೆ ಪಾಸಾದಂತೆ.