ಓಡುವ ಮಕ್ಕಳ ಸೊಂಟನೋವು ಬರೀ ಉಳುಕಲ್ಲ

ಆಗಸ್ಟ್ ಬಂತೆಂದರೆ ರಾಜ್ಯದ ಶಾಲೆಗಳಲ್ಲಿ ಕ್ರೀಡಾಕೂಟಗಳ ಸಾಲು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲೇರುವ ಈ ಸ್ಪರ್ಧೆಗಳಲ್ಲಿ ಚೆನ್ನಾಗಿ ಓಡುವ ಮಗುವಿಗೆ ತಿಂಗಳುಗಟ್ಟಲೆ ಬಿಡುವೆಂಬುದಿಲ್ಲ. ಬೇಸಿಗೆ ರಜೆಯಲ್ಲಿ ಮೈದಾನದತ್ತ ಸುಳಿಯದ ಹುಡುಗಿ ಜುಲೈನಲ್ಲಿ ಏಕಾಏಕಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ತಾಲೀಮಿಗೆ ಇಳಿಯುತ್ತಾಳೆ. ಕೂಟದ ದಿನ 200 ಮೀಟರ್ ಓಟದ ಹೀಟ್ಸ್, ಫೈನಲ್, ಅದರ ಮೇಲೆ ರಿಲೇ, ಉದ್ದಜಿಗಿತ. ಕೆಲವು ವಾರಗಳ ಬಳಿಕ ಆಕೆ ಸೊಂಟ ಹಿಡಿದುಕೊಂಡು ಕುಳಿತರೆ ಎಲ್ಲೆಡೆ ಸಿಗುವ ಉತ್ತರ ಒಂದೇ: ಉಳುಕಿರಬೇಕು, ಮುಲಾಮು ಹಚ್ಚಿಕೋ, ಹೋಗುತ್ತದೆ.

ದೊಡ್ಡವರ ವಿಷಯದಲ್ಲಿ ಈ ಉತ್ತರ ಬಹುಮಟ್ಟಿಗೆ ಸರಿಯೇ. ನಲವತ್ತರ ಗೃಹಸ್ಥನ ಸೊಂಟನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಆದರೆ ಬೆಳೆಯುತ್ತಿರುವ ಕ್ರೀಡಾಪಟುವಿನ ಸೊಂಟ ದೊಡ್ಡವರ ಸೊಂಟದ ಚಿಕ್ಕ ಪ್ರತಿಯಲ್ಲ. ಅಮೆರಿಕದ ಬಾಸ್ಟನ್ ನಗರದ ವೈದ್ಯ ಲೈಲ್ ಮಿಕೆಲಿ ಮತ್ತು ಅವರ ಸಹೋದ್ಯೋಗಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಸೊಂಟನೋವೆಂದು ಬಂದ 100 ಮಂದಿ ಹದಿಹರೆಯದ ಕ್ರೀಡಾಪಟುಗಳನ್ನು ಅವರು 100 ಮಂದಿ ವಯಸ್ಕ ರೋಗಿಗಳೊಂದಿಗೆ ಹೋಲಿಸಿದರು. ಮಕ್ಕಳಲ್ಲಿ 47 ಮಂದಿಯ ನೋವಿಗೆ ಕಾರಣ ಬೆನ್ನುಮೂಳೆಯಲ್ಲಿನ ಬಿರುಕು. ವಯಸ್ಕರಲ್ಲಿ ಅಂಥವರು ಕೇವಲ 5 ಮಂದಿ. ಅವರು ವಿಶೇಷ ತಜ್ಞರವರೆಗೆ ಬಂದ, ನಾನಾ ಆಟಗಳ ಮಕ್ಕಳಾದ್ದರಿಂದ ಅಷ್ಟೇ ಪ್ರಮಾಣವನ್ನು ನಮ್ಮ ಶಾಲಾ ಮೈದಾನಕ್ಕೆ ಅನ್ವಯಿಸಲಾಗದು. ನಂತರದ ಅಧ್ಯಯನಗಳಲ್ಲಿ ಕಂಡ ಪ್ರಮಾಣವೂ ಇದಕ್ಕಿಂತ ಕಡಿಮೆಯೇ. ಹಾಗಿದ್ದರೂ ಬಿರುಕಿನ ಸಾಧ್ಯತೆಯನ್ನು ಯೋಚಿಸದೆಯೇ ಮಗುವನ್ನು ಮತ್ತೆ ಟ್ರ್ಯಾಕಿಗೆ ಕಳುಹಿಸುವುದಕ್ಕೆ ಸಮರ್ಥನೆಯಿಲ್ಲ.

ಈ ಬಿರುಕಿಗೆ ವೈದ್ಯರು ಇಟ್ಟಿರುವ ಹೆಸರು ಸ್ಪಾಂಡಿಲೋಲೈಸಿಸ್. ಬೆನ್ನುಮೂಳೆಯ ಪ್ರತಿ ಮಣಿಯ ಹಿಂಭಾಗದಲ್ಲಿ ಕಮಾನಿನಂಥ ಒಂದು ರಚನೆಯಿದೆ. ಅದರ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವಿನ ಮೂಳೆ ತೀರಾ ಕಿರಿದು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲವು ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲವನ್ನು ಹಿಂದಿರುಗಿಸುತ್ತದೆ. ಹರ್ಡಲ್ಸ್, ಜಿಗಿತ, ಜಾವೆಲಿನ್‌ಗಳಲ್ಲಿ ಹಿಂದಕ್ಕೆ ಬಾಗುವ, ತಿರುಚುವ ಚಲನೆಯೂ ಸೇರಿಕೊಳ್ಳುತ್ತದೆ. ನಮ್ಮ ಶಾಲೆಗಳಲ್ಲಿ ಓಡುವ ಮಗುವೇ ಇವಕ್ಕೆಲ್ಲ ಹೆಸರು ಕೊಡಬೇಕಾಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಒಂದೇ ಕಡೆ ಸೀಳುವಂತೆ, ಆ ಕಿರಿದಾದ ಮೂಳೆಯೂ ಕ್ರಮೇಣ ಸೀಳುತ್ತದೆ. ಸಾಮಾನ್ಯವಾಗಿ ಇದು ಸೊಂಟದ ಕೊನೆಯ, ಅಂದರೆ ಐದನೆಯ ಮಣಿಯಲ್ಲಿ. ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ, ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ.

ವಯಸ್ಸಿನ ಪಾತ್ರವೂ ಇದೆ. ಹುಡುಗಿಯರು ಸುಮಾರು ಹನ್ನೆರಡರಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಮೂಳೆಯಲ್ಲಿ ಖನಿಜಾಂಶ ಅದೇ ವೇಗದಲ್ಲಿ ತುಂಬಿಕೊಳ್ಳುವುದಕ್ಕೆ ಅಲ್ಲಿಂದ ಮುಂದೆ ಇನ್ನೂ ಆರು ತಿಂಗಳಿಂದ ಒಂದು ವರ್ಷ ಬೇಕು. ಮೂಳೆ ಉದ್ದವಾಗಿಯೂ ಗಟ್ಟಿಯಾಗಿರದ ಈ ನಡುಗಾಲದಲ್ಲಿಯೇ ನಮ್ಮ 14 ಮತ್ತು 17 ವರ್ಷದೊಳಗಿನವರ ಸ್ಪರ್ಧೆಗಳ ಬಿರುಸು ಇರುವುದು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಮಾಡುವ ಶ್ರಮಕ್ಕೆ ತಕ್ಕ ಆಹಾರ ದೊರೆಯದಿದ್ದರೆ ದೇಹ ಮೊದಲು ಉಳಿತಾಯ ಮಾಡುವುದು ಮುಟ್ಟಿನಲ್ಲಿ, ಆಮೇಲೆ ಮೂಳೆಯಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಯ ಕುರಿತು ವಿಸ್ತೃತ ವರದಿ ನೀಡಿ, ಇದು ಹುಡುಗರನ್ನೂ ಬಾಧಿಸುತ್ತದೆಂದು ಎಚ್ಚರಿಸಿತು. ದೂರದ ಓಟಗಳ ಹುಡುಗಿಯರಲ್ಲಿ ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯಲ್ಲಿ ಬಿರುಕು ಬಿಡುವುದಕ್ಕೂ ಇದಕ್ಕೂ ನಂಟಿದೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಓಡಿ, ಒಂದು ಲೋಟ ಚಹಾ ಕುಡಿದು ಶಾಲೆಗೆ ಬರುವ ಹುಡುಗಿಗೆ ಮೂರು ತಿಂಗಳಿಂದ ಮುಟ್ಟು ನಿಂತಿದ್ದರೆ ಅದನ್ನು ಆಕೆ ಯಾರಿಗೆ ಹೇಳಬೇಕು? ದೈಹಿಕ ಶಿಕ್ಷಕರು ಗಂಡಸರಾಗಿರುವ ಶಾಲೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಮುಟ್ಟು ನಿಂತದ್ದೇ ಒಳ್ಳೆಯದಾಯಿತು, ಕೂಟಕ್ಕೆ ಅಡ್ಡಿಯಿಲ್ಲ ಎಂದುಕೊಳ್ಳುವ ಮನೆಗಳೂ ಇವೆ.

ಇಷ್ಟು ಓದಿ ಪೋಷಕರು ಮಕ್ಕಳನ್ನು ಓಟದಿಂದ ಬಿಡಿಸಿದರೆ ಈ ಲೇಖನದ ಉದ್ದೇಶ ತಲೆಕೆಳಗಾದಂತೆ. ಓಟ ಬೆನ್ನಿನ ಶತ್ರುವಲ್ಲ. ನಿಯತವಾಗಿ ಓಡುವವರ ಬೆನ್ನುಮೂಳೆಯ ಡಿಸ್ಕ್‌ಗಳು ಓಡದವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದುದನ್ನು ಆಸ್ಟ್ರೇಲಿಯಾದ ಅಧ್ಯಯನವೊಂದು 2017ರಲ್ಲಿ ವರದಿ ಮಾಡಿದೆ. ತಕರಾರಿರುವುದು ತಯಾರಿಯಿಲ್ಲದ ಓಟದ ಬಗ್ಗೆ, ನೋವಿನ ಮೇಲಿನ ಓಟದ ಬಗ್ಗೆ.

ಹಾಗಾದರೆ ಯಾವ ನೋವಿಗೆ ಹೆದರಬೇಕು? ಓಡಿದಾಗ ಮತ್ತು ಸೊಂಟವನ್ನು ಹಿಂದಕ್ಕೆ ಬಾಗಿಸಿದಾಗ ಹೆಚ್ಚಾಗಿ, ವಿಶ್ರಾಂತಿಯಿಂದ ಕಡಿಮೆಯಾಗಿ, ಮತ್ತೆ ಓಡಿದೊಡನೆ ಮರಳುವ ನೋವು ಎರಡು ಮೂರು ವಾರ ಮೀರಿದರೆ ಮೂಳೆತಜ್ಞರನ್ನು ಕಾಣಲೇಬೇಕು. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದ ಮಾತ್ರಕ್ಕೆ ನಿರಾಳರಾಗುವಂತಿಲ್ಲ. ಆರಂಭದ ಬಿರುಕು ಎಕ್ಸ್‌ರೇಗೆ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐ ಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬೆಳಿಗ್ಗೆ ಏಳುವಾಗ ಸೊಂಟ ಬಿಗಿದು, ಓಡಾಡಿದಂತೆಲ್ಲ ಸಡಿಲವಾಗುವ ನೋವು ತಿಂಗಳುಗಟ್ಟಲೆ ಉಳಿದರೆ ಅದು ಹದಿಹರೆಯದ ಕೊನೆಯಲ್ಲಿ ತಲೆದೋರುವ ಸಂಧಿವಾತದ ಸೂಚನೆಯಿರಬಹುದು. ರಾತ್ರಿ ಎಬ್ಬಿಸುವ ನೋವು, ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಕಾಲು ಜೋಮು ಹಿಡಿದು ಬಲಗುಂದಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಓಡಬೇಕು. ಇವಾವುದನ್ನೂ ಪರೀಕ್ಷಿಸದೆ ಉಳುಕು ತೆಗೆಸುವ ನೆಪದಲ್ಲಿ ಮಗುವಿನ ಸೊಂಟ ತಿರುಚಿಸುವುದು ಅಪಾಯಕಾರಿ. ನೋವು ನಿವಾರಕ ಮಾತ್ರೆ ನುಂಗಿಸಿ ಓಡಿಸುವುದು ಅದಕ್ಕಿಂತ ಕೆಟ್ಟದ್ದು.

ಸಮಾಧಾನದ ಸಂಗತಿಯೆಂದರೆ ಬೇಗ ಪತ್ತೆಯಾದ ಬಿರುಕು ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಳ್ಳುತ್ತದೆ. ಸುಮಾರು ಮೂರು ತಿಂಗಳು ಓಟ ನಿಲ್ಲಿಸಬೇಕು, ಬಳಿಕ ಹೊಟ್ಟೆ, ಬೆನ್ನು, ತೊಡೆಯ ಸ್ನಾಯುಗಳನ್ನು ಬಲಪಡಿಸುತ್ತ ಹಂತ ಹಂತವಾಗಿ ಮರಳಬೇಕು. ತಡವಾದರೆ ಮೂಳೆಯ ತುದಿಗಳು ಕೂಡುವುದೇ ಇಲ್ಲ. ಕೆಲವರಲ್ಲಿ ಮಣಿಯೇ ಮುಂದಕ್ಕೆ ಜರುಗುತ್ತದೆ.

ಆ ಮೂರು ತಿಂಗಳನ್ನು ಮಗುವಿಗೆ ಕೊಡುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಜಸ್‌ಪ್ರೀತ್ ಬೂಮ್ರಾ ಮತ್ತು ನಮ್ಮದೇ ಕರ್ನಾಟಕದ ಪ್ರಸಿದ್ಧ ಕೃಷ್ಣ ಇಬ್ಬರೂ ಬೆನ್ನಿನ ತೊಂದರೆಯಿಂದ 2022ರಲ್ಲಿ ಆಟದಿಂದ ಹೊರಗುಳಿದು, 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡು, ಆ ವರ್ಷದ ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧದ ಸರಣಿಯಲ್ಲಿ ಮರಳಿದರು. ಕ್ರಿಕೆಟ್ ಮಂಡಳಿ ಅವರಿಗಾಗಿ ಕಾದಿತು. ಕಾಯಲು ಅದರ ಬಳಿ ಹಣವಿತ್ತು, ತಜ್ಞರಿದ್ದರು. ಗದಗದ ಶಾಲೆಯ ಓಟಗಾರ್ತಿಗೆ ಕಾಯುವವರಿಲ್ಲ. ಅವಳ ಪಾಲಿಗೆ ಓಟವೆಂದರೆ ಕ್ರೀಡಾ ವಸತಿನಿಲಯದ ಊಟ, ಕೋಟಾದಡಿಯ ಕಾಲೇಜು ಸೀಟು. ಅವಳ ಅಣ್ಣನಿಗೆ ಅದು ಅಗ್ನಿವೀರ ನೇಮಕಾತಿಯ 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿ ಪಡೆಯಬಹುದಾದ ಪೂರ್ಣ ಅಂಕ. ಅದಕ್ಕೆಂದೇ ಉತ್ತರ ಕರ್ನಾಟಕದ ಡಾಂಬರು ರಸ್ತೆಗಳಲ್ಲಿ ನಸುಕಿನಲ್ಲಿ ಓಡುವ ಹುಡುಗರನ್ನು ಯಾರಾದರೂ ನೋಡಬಹುದು. ಇಂಥವರು ನೋವನ್ನು ಮುಚ್ಚಿಡುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ಬಾಯಿಬಿಟ್ಟರೆ ಹೆಸರು ಪಟ್ಟಿಯಿಂದ ಹೋಗುತ್ತದೆ.

ಆದ್ದರಿಂದ ಜಾಗೃತಿ ಮೂಡಿಸಬೇಕೆಂಬ ಸವಕಲು ಸಲಹೆಗಿಂತ ನಿಯಮದ ಬದಲಾವಣೆ ಬೇಕು. ವೈದ್ಯರು ಬಿಡುವು ಬರೆದುಕೊಟ್ಟ ವಿದ್ಯಾರ್ಥಿಯ ವಸತಿನಿಲಯದ ಸ್ಥಾನ ಆ ವರ್ಷದ ಫಲಿತಾಂಶವನ್ನು ಅವಲಂಬಿಸಬಾರದು. ಹಾಗೆಂದು ಕ್ರೀಡಾ ಇಲಾಖೆ ಲಿಖಿತವಾಗಿ ಹೇಳಲಿ. ತಾಲೀಮು ಜುಲೈನಲ್ಲಿ ದಿಢೀರನೆ ಶುರುವಾಗದೆ ಜೂನ್‌ನಿಂದಲೇ ಮೆಲ್ಲಗೆ ಏರುವಂತೆ ಶಿಕ್ಷಣ ಇಲಾಖೆ ವೇಳಾಪಟ್ಟಿ ಹೊಂದಿಸಲಿ, ಒಂದು ಮಗುವಿಗೆ ಒಂದು ದಿನ ಎಷ್ಟು ಸ್ಪರ್ಧೆ ಎಂಬ ಮಿತಿಯನ್ನು ಕಾಗದದ ಮೇಲಷ್ಟೇ ಅಲ್ಲದೆ ಮೈದಾನದಲ್ಲೂ ಜಾರಿಗೆ ತರಲಿ. ಮಗು ಓಡಲು ಯೋಗ್ಯವೇ ಎಂದು ನಿರ್ಧರಿಸುವ ಅಧಿಕಾರ ಪದಕದ ಹಂಗಿಲ್ಲದ ವೈದ್ಯರಿಗಿರಲಿ, ತರಬೇತುದಾರರಿಗೆ ಬೇಡ. ಹುಡುಗಿಯರ ತಂಡದೊಡನೆ ಹೋಗುವ ಶಿಕ್ಷಕಿಯೊಬ್ಬರಿಗಾದರೂ ಮುಟ್ಟು, ಆಹಾರ, ಮೂಳೆಗಳ ಈ ನಂಟನ್ನು ತಿಳಿಸಿಕೊಡಲು ಅರ್ಧ ದಿನದ ತರಬೇತಿ ಸಾಕು. ಮುಂದಿನ ಜೂನ್‌ನಲ್ಲಿ ಶಾಲೆಗಳು ತೆರೆಯುವ ಮೊದಲೇ ಇವುಗಳ ಸುತ್ತೋಲೆ ಹೊರಡಿಸಲು ಇಲಾಖೆಗಳಿಗೆ ಸಮಯವಿದೆ.