ಬಿದ್ದದ್ದನ್ನು ಬಚ್ಚಿಡಬೇಡಿ

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಅಜ್ಜ ಅಜ್ಜಿಯರೇ, ನಿಮಗೊಂದು ವಿನಂತಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಬೆಳಿಗ್ಗೆ ಒಂಬತ್ತು ದಾಟಿದರೆ ಎಷ್ಟೋ ಮನೆಗಳಲ್ಲಿ ಉಳಿಯುವವರು ಹಿರಿಯರು ಮಾತ್ರ. ಊರಿನ ಒರಟು ಕಲ್ಲುಚಪ್ಪಡಿಯ ಮೇಲೆ ನಡೆದು ಅಭ್ಯಾಸವಾದ ಕಾಲುಗಳು ಈಗ ಕನ್ನಡಿಯಂಥ ಟೈಲ್ಸ್ ಮೇಲೆ ನಡೆಯಬೇಕು. ಬೋರ್‌ವೆಲ್‌ನ ಗಡಸು ನೀರಿಗೆ ಸೋಪು ಸೇರಿದರೆ ಬಚ್ಚಲಲ್ಲಿ ಜಿಡ್ಡು ಕೂರುತ್ತದೆ, ಕಾಲು ಜಾರುತ್ತದೆ.

ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಆಡಿಟ್ ಇರುತ್ತಿತ್ತು. ಮಕ್ಕಳೇ, ಈ ಭಾನುವಾರ ಪೆನ್ಸಿಲ್ ಹಿಡಿದು ನಿಮ್ಮ ಮನೆಯ ಆಡಿಟ್ ಮಾಡಿ.

ಬಚ್ಚಲಲ್ಲಿ ಗೋಡೆಗೆ ಗಟ್ಟಿ ಹಿಡಿಕೆ ಇದೆಯೇ? ಟವೆಲ್ ಕಂಬಿ ಮೈಭಾರ ತಡೆಯುವುದಿಲ್ಲ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಸಣ್ಣ ದೀಪ ಉರಿಯುತ್ತದೆಯೇ? ನಡೆಯುವ ದಾರಿಯಲ್ಲಿ ಚಾರ್ಜರ್ ವೈರು, ಮಡಚಿಕೊಂಡ ಕಾಲೊರಸು, ನಿಮ್ಮದೇ ಆಟದ ಕಾರು ಬಿದ್ದಿವೆಯೇ? ಅಜ್ಜನ ಹವಾಯಿ ಚಪ್ಪಲಿಯ ಅಡಿ ಸವೆದಿದೆಯೇ? ಅಜ್ಜಿಗೆ ದಿನಬಳಕೆಯ ಡಬ್ಬಿ ಕೈಗೆಟುಕುವಂತಿದೆಯೇ, ಸ್ಟೂಲು ಹತ್ತಬೇಕೇ? ಒಂದೊಂದಕ್ಕೂ ಗುರುತು ಹಾಕಿ ಅಪ್ಪ ಅಮ್ಮನಿಗೆ ಕೊಡಿ.

ಇನ್ನು ಹಿರಿಯರಿಗೆ. ಮಲಗಿದ್ದವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ಏಳಿ. ತಲೆಸುತ್ತು ಬಂದರೆ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

"ಬಿದ್ದೆ ಅಂತ ನಿಮ್ಮಮ್ಮನಿಗೆ ಹೇಳಬೇಡ ಪುಟ್ಟ" ಎಂದು ಮೊಮ್ಮಗುವಿನ ಬಾಯಿ ಕಟ್ಟುವವರಿದ್ದಾರೆ. ಹೇಳಿದರೆ ಪಾರ್ಕಿಗೆ ಹೋಗುವುದೂ ನಿಲ್ಲುತ್ತದೆಂಬ ಭಯ. ಆದರೆ ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಕಾರಣ ತಿಳಿದರೆ ತಾನೆ ತಡೆಯಲಾಗುವುದು? ಮಕ್ಕಳೇ, ಈ ಗುಟ್ಟು ಮಾತ್ರ ಕಾಪಾಡಬೇಡಿ. ಮಗ ಸೊಸೆಯಂದಿರೇ, ಕೇಳಿ ಗದರಬೇಡಿ, ಕೂರಿಸಿಯೂ ಇಡಬೇಡಿ. ಕೂತಷ್ಟೂ ಕಾಲು ಸೋಲುತ್ತದೆ. ನಡೆದರೇ ಕಾಲಿಗೆ ಬಲ.

ಯಾರಾದರೂ ಬಿದ್ದರೆ ಕೈಹಿಡಿದು ಎಳೆದೆಬ್ಬಿಸಬೇಡಿ. ಸೊಂಟ ನೋವು, ತಲೆಗೆ ಪೆಟ್ಟು ಇದ್ದರೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567. ಎರಡನ್ನೂ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುವುದು ಮಕ್ಕಳ ಕೆಲಸ.